ಹಳೆಯ ಕೈಗಡಿಯಾರಗಳ ಸಂಗ್ರಹ: ಆಯ್ಕೆ, ಪರೀಕ್ಷೆ ಮತ್ತು ಲೆಕ್ಕ

ಜೇಬಿನಲ್ಲಿ ಮೊಬೈಲ್ ದೂರವಾಣಿ ಇರುವವರಿಗೆ ವೇಳೆ ತಿಳಿಯಲು ಕೈಗಡಿಯಾರ ಬೇಕಾಗಿಲ್ಲ. ಆದರೂ ಕೈಗಡಿಯಾರಗಳನ್ನು, ಅದರಲ್ಲೂ ಕೀ ಕೊಟ್ಟು ನಡೆಸುವ ಹಳೆಯ ಕೈಗಡಿಯಾರಗಳನ್ನು, ಹುಡುಕಿ ಕೊಂಡು ಜೋಪಾನ ಮಾಡುವ ಹವ್ಯಾಸವು ವರ್ತಕರಲ್ಲಿಯೂ ಸಣ್ಣ ಉದ್ಯಮಿಗಳಲ್ಲಿಯೂ ಹರಡಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಯಂತ್ರದ ಕೆಲಸ ಬಲ್ಲವರಿಗೆ ಅದರ ರಚನೆ ಹಿಡಿಸುತ್ತದೆ. ವ್ಯಾಪಾರ ಬಲ್ಲವರಿಗೆ ಬೆಲೆ ಕಟ್ಟುವ ಕೆಲಸ ಹಿಡಿಸುತ್ತದೆ. ಇವೆರಡಕ್ಕಿಂತ ಮುಖ್ಯವಾಗಿ, ಬಹಳ ಮನೆಗಳ ಬೀರುವಿನಲ್ಲಿ ತಂದೆಯವರೋ ತಾತನವರೋ ಕಟ್ಟುತ್ತಿದ್ದ ಒಂದು ಎಚ್.ಎಂ.ಟಿ. ವಾಚು ಇದ್ದೇ ಇರುತ್ತದೆ. ಹವ್ಯಾಸವು ಅನೇಕರಲ್ಲಿ ಅಲ್ಲಿಂದಲೇ ಆರಂಭವಾಗುತ್ತದೆ.

ಆದರೆ ನಷ್ಟವೂ ಬಹುಮಟ್ಟಿಗೆ ಅಲ್ಲಿಯೇ ಆರಂಭವಾಗುತ್ತದೆ. ತಂದೆಯವರ ನೆನಪಿಗೆ ವಾಚನ್ನು 'ಹೊಸದರಂತೆ' ಮಾಡಿಸಬೇಕೆಂದು ಮಗನು ಅದನ್ನು ಅಂಗಡಿಗೆ ಒಯ್ಯುತ್ತಾನೆ. ವಾರದ ನಂತರ ಹೊಳೆಯುವ ಡಯಲು, ಹೊಸ ಮುಳ್ಳುಗಳು, ಪಾಲಿಶ್ ಮಾಡಿದ ಕೇಸು ಕೈಗೆ ಬರುತ್ತವೆ. ಮನೆಯವರೆಲ್ಲ ಸಂತೋಷಪಡುತ್ತಾರೆ. ತಂದೆಯವರು ಮೂವತ್ತು ವರ್ಷ ನೋಡಿದ ಡಯಲು ಮಾತ್ರ ಅಂಗಡಿಯ ಕಸದ ಡಬ್ಬಿಗೆ ಹೋಗಿರುತ್ತದೆ. ಅದರೊಡನೆ ಆ ವಾಚಿನ ಮಾರುಕಟ್ಟೆ ಮೌಲ್ಯದ ದೊಡ್ಡ ಭಾಗವೂ ಹೋಗಿರುತ್ತದೆ. ಹಳೆಯ ಕೈಗಡಿಯಾರದ ವಿಷಯದಲ್ಲಿ ಬೆಲೆಯು ಹೊಳಪಿಗೆ ಸಲ್ಲುವುದಿಲ್ಲ, ಮೂಲ ಸ್ಥಿತಿಗೆ ಸಲ್ಲುತ್ತದೆ. ಈ ಒಂದು ಅಂಶವನ್ನು ತಿಳಿಯದೆ ಹಣ ಹೂಡಿದವರು ಬಹಳ. ಎಚ್.ಎಂ.ಟಿ. ವಾಚುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಆಯ್ಕೆ, ಪರೀಕ್ಷೆ, ದುರಸ್ತಿ ಹಾಗೂ ತೆರಿಗೆಯ ವಿಚಾರಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಹಿನ್ನೆಲೆ

ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಯಂತ್ರೋಪಕರಣಗಳ ತಯಾರಿಕೆಗಾಗಿ ಹುಟ್ಟಿದ ಈ ಸಾರ್ವಜನಿಕ ಉದ್ಯಮವು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ ಕೈಗಡಿಯಾರದ ಕಾರ್ಖಾನೆಯನ್ನು ಬೆಂಗಳೂರಿನಲ್ಲೇ ತೆರೆಯಿತು. ಮೊದಲ ತಂಡದ ವಾಚುಗಳನ್ನು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದರು. ಬೇಡಿಕೆ ಬೆಳೆದಂತೆ ತುಮಕೂರು, ಶ್ರೀನಗರ ಮತ್ತು ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳು ಬಂದವು. ಜನತಾ, ಜವಾನ್, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಮುಂತಾದ ಹೆಸರುಗಳು ಮನೆಮಾತಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ನೌಕರನಿಗೆ ಕೊಡುವ ಉಡುಗೊರೆಯೆಂದರೆ ಎಚ್.ಎಂ.ಟಿ. ವಾಚು ಎಂಬ ಕಾಲವೊಂದಿತ್ತು.

ಜಗತ್ತಿನ ಮಾರುಕಟ್ಟೆ ಅಷ್ಟರಲ್ಲಿ ಬದಲಾಗುತ್ತಿತ್ತು. ಜಪಾನಿನ ಸೀಕೋ ಕಂಪನಿಯು 1969ರ ಡಿಸೆಂಬರ್ 25ರಂದು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯಿಂದ ನಡೆಯುವ, ಕೀ ಕೊಡಬೇಕಿಲ್ಲದ, ನಿಖರತೆಯಲ್ಲಿ ಬಹು ಮುಂದಿರುವ ಈ ತಂತ್ರವು ಸ್ವಿಟ್ಜರ್ಲೆಂಡಿನ ಉದ್ಯಮವನ್ನೇ ನಡುಗಿಸಿತು. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮಗಳ ಜಂಟಿ ಉದ್ಯಮವಾಗಿ 1984ರಲ್ಲಿ ಸ್ಥಾಪಿತವಾದ ಟೈಟನ್, ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಸ್ ವಾಚುಗಳನ್ನು ಆಕರ್ಷಕ ವಿನ್ಯಾಸಗಳಲ್ಲಿ ತಂದಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಸ್ ತಯಾರಿಸಿತಾದರೂ ಮಾರಾಟದಲ್ಲಿ ಹಿಂದೆ ಬಿತ್ತು. ಕೈಗಡಿಯಾರ ವಿಭಾಗವನ್ನು 2000ದಲ್ಲಿ ಪ್ರತ್ಯೇಕ ಕಂಪನಿಯಾಗಿ ಮಾಡಲಾಯಿತು. ಆಗಲೂ ನಷ್ಟ ತಪ್ಪಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿಯು ಎಚ್.ಎಂ.ಟಿ. ವಾಚಸ್ ಲಿಮಿಟೆಡ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಮುಚ್ಚುವ ಸುದ್ದಿ ಬಂದ ದಿನಗಳಲ್ಲಿಯೇ ಜನ ಮಳಿಗೆಗಳಿಗೆ ಮುಗಿಬಿದ್ದರು. ಕೆಲವು ನೂರು ರೂಪಾಯಿಗಳಿಗೆ ಸಿಗುತ್ತಿದ್ದ ವಾಚುಗಳಿಗೆ ಸಾವಿರಗಳ ಬೆಲೆ ಬಂತು. ಅದೇ ಹೆಸರಿನ ವಾಚುಗಳ ಮಾರಾಟವು ಆಮೇಲೂ ನಡೆದುಬಂದಿದೆ. ಆದರೆ ಸಂಗ್ರಾಹಕರು ಅರಸುವುದು ಹಿಂದಿನ ಕಾರ್ಖಾನೆಗಳಲ್ಲಿ ತಯಾರಾದ ಯಂತ್ರದ ವಾಚುಗಳನ್ನು. ಅವುಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ, ಬೇಡಿಕೆ ಮಾತ್ರ ಇದೆ. ಇಂಥ ಸಂದರ್ಭದಲ್ಲಿ ಕೊರತೆಯನ್ನು ತುಂಬಲು ಯಾರು ಮುಂದೆ ಬರುತ್ತಾರೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2. ಯಂತ್ರದ ಸ್ವರೂಪ

ಪರೀಕ್ಷೆಗೆ ಮೊದಲು ಯಂತ್ರದ ಬಗ್ಗೆ ಅಲ್ಪ ತಿಳಿವಳಿಕೆ ಅಗತ್ಯ. ಕೀ ತಿರುಗಿಸಿದಾಗ ಮೇನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲವು ಹಲ್ಲಿನ ಚಕ್ರಗಳ ಸಾಲಿನ ಮೂಲಕ ಬ್ಯಾಲೆನ್ಸ್ ಚಕ್ರವನ್ನು ತಲುಪುತ್ತದೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಈ ಚಕ್ರವನ್ನು ಅತ್ತಿತ್ತ ತೂಗುತ್ತದೆ. ಒಂದೊಂದು ತೂಗಾಟಕ್ಕೂ ಚಕ್ರಗಳ ಸಾಲು ಒಂದೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಕಿವಿಗೆ ಕೇಳುವ ಟಿಕ್ ಟಿಕ್ ಸದ್ದು ಇದೇ.

ಜನತಾ ಮುಂತಾದ ಮಾದರಿಗಳಲ್ಲಿರುವ 0231 ಎಂಬ ಯಂತ್ರವು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ, ಹೀಗೆ ತೂಗುತ್ತದೆ. ಒಂದು ದಿನಕ್ಕೆ 86,400 ಸೆಕೆಂಡುಗಳು. ಹಳೆಯ ಯಂತ್ರವು ದಿನಕ್ಕೆ 30 ಸೆಕೆಂಡು ಹಿಂದೆ ಮುಂದೆ ಆದರೆ ಆ ವ್ಯತ್ಯಾಸವು ಶೇ. 0.035ರಷ್ಟು ಮಾತ್ರ. ಅರ್ಧ ಶತಮಾನ ಹಳೆಯದಾದ, ವಿದ್ಯುತ್ತಿನ ನೆರವಿಲ್ಲದ ಯಂತ್ರಕ್ಕೆ ಇದು ಗೌರವದ ಸಾಧನೆಯೇ ಸರಿ. ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದರಿಂದ ಸಾಮಾನ್ಯ ಕ್ವಾರ್ಟ್ಸ್ ವಾಚಿನ ವ್ಯತ್ಯಾಸವು ತಿಂಗಳಿಗೆ 15 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ನಿಖರತೆಯೊಂದೇ ಬೇಕಾದವರು ಕ್ವಾರ್ಟ್ಸ್ ಕೊಳ್ಳುವುದೇ ಸರಿ. ಅದರಲ್ಲಿ ಖರ್ಚೂ ಕಡಿಮೆ.

ಡಯಲಿನ ಮೇಲಿರುವ '17 ಜ್ಯುವೆಲ್ಸ್' ಎಂಬ ಬರಹವು ಹಲವರಿಗೆ ತಪ್ಪು ಕಲ್ಪನೆ ಮೂಡಿಸುತ್ತದೆ. ಈ ಹರಳುಗಳು ಕೃತಕ ಮಾಣಿಕ್ಯಗಳು. ಚಕ್ರಗಳ ಅಚ್ಚುಗಳು ಸವೆಯದಂತೆ ಬೇರಿಂಗುಗಳಾಗಿ ಅವನ್ನು ಕೂರಿಸಿರುತ್ತಾರೆ. ರತ್ನಗಳೆಂಬ ದೃಷ್ಟಿಯಿಂದ ಅವುಗಳ ಬೆಲೆ ನಗಣ್ಯ. ಮೂರು ಮುಳ್ಳಿನ, ಕೀ ಕೊಡುವ ವಾಚಿಗೆ 17 ಹರಳು ಸಾಕು. ಅದಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ತೋರಿಸಿ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಕಾಗಿಲ್ಲ.

3. ಸಂಗ್ರಹಕ್ಕೆ ಎಲ್ಲೆ ಬೇಕು

ದಾಸ್ತಾನಿಗೆ ಮಿತಿಯಿಲ್ಲದ ಅಂಗಡಿಯ ಗತಿ ಏನಾಗುತ್ತದೆಂಬುದನ್ನು ವರ್ತಕರು ಬಲ್ಲರು. ಹವ್ಯಾಸಕ್ಕೂ ಅದೇ ನಿಯಮ. ಕಂಡಿದ್ದನ್ನೆಲ್ಲ ಕೊಳ್ಳುವವರ ಬಳಿ ಎರಡು ವರ್ಷಗಳಲ್ಲಿ ಐವತ್ತು ವಾಚುಗಳಿರುತ್ತವೆ. ನಡೆಯುವಂಥವು ಅವುಗಳಲ್ಲಿ ಹತ್ತೂ ಇರುವುದಿಲ್ಲ. ಆದ್ದರಿಂದ ಆರಂಭದಲ್ಲಿಯೇ ಒಂದು ಎಲ್ಲೆ ಹಾಕಿಕೊಳ್ಳುವುದು ಒಳಿತು. ಎಲ್ಲೆಯನ್ನು ಹಲವು ರೀತಿಯಲ್ಲಿ ಹಾಕಿಕೊಳ್ಳಬಹುದು.

ಅ) ಒಂದೇ ಮಾದರಿ: ಉದಾಹರಣೆಗೆ ಜನತಾ ಒಂದನ್ನೇ ಹಿಡಿದು ಅದರ ಬಿಳಿ ಡಯಲು, ದೇವನಾಗರಿ ಅಂಕಿಯ ಡಯಲು ಮೊದಲಾದ ಬಗೆಗಳನ್ನು ಕೂಡಿಸುವುದು.

ಆ) ಒಂದೇ ಉದ್ದೇಶ: ತೆಳುವಾದ ಚಿನ್ನದ ಲೇಪದ ಸೋನಾ, ಕಪ್ಪು ಡಯಲಿನ ಪೈಲಟ್, ಮುಟ್ಟಿ ವೇಳೆ ತಿಳಿಯಬಹುದಾದ ಬ್ರೈಲ್ ವಾಚು ಹೀಗೆ ಒಂದೊಂದು ಉಪಯೋಗಕ್ಕೆ ಒಂದೊಂದು.

ಇ) ಕುಟುಂಬದ ನೆನಪು: ಮನೆಯ ಹಿರಿಯರು ಕಟ್ಟುತ್ತಿದ್ದ ಮಾದರಿಗಳನ್ನು ಮಾತ್ರ ಸೇರಿಸುವುದು.

ಈ) ಸಂಖ್ಯೆಯ ಮಿತಿ: ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ, ಹೊಸದೊಂದು ಬಂದಾಗ ಹಳೆಯದೊಂದನ್ನು ಬಿಟ್ಟುಕೊಡುವುದು.

ಕೈಗೆ ಒಪ್ಪುವಂತಿರಬೇಕೆಂಬುದನ್ನೂ ಮರೆಯಬಾರದು. ಜನತಾ ವಾಚಿನ ಅಗಲ ಸುಮಾರು 35 ಮಿ.ಮೀ. ಇಂದಿನ 42 ಅಥವಾ 44 ಮಿ.ಮೀ. ವಾಚುಗಳಿಗೆ ಹೊಂದಿಕೊಂಡ ಕಣ್ಣಿಗೆ ಅದು ಚಿಕ್ಕದೆನಿಸಬಹುದು. ಚಿತ್ರ ನೋಡಿ ಕೊಂಡು ನಂತರ ಪೆಟ್ಟಿಗೆಯಲ್ಲಿಡುವ ಬದಲು ಮೊದಲೇ ಒಮ್ಮೆ ಕಟ್ಟಿ ನೋಡುವುದು ಲೇಸು.

4. ಅಸಲಿಯನ್ನು ಗುರುತಿಸುವ ಬಗೆ

ಹಳೆಯ ಯಂತ್ರ, ಎಲ್ಲಿಂದಲೋ ಬಂದ ಕೇಸು, ಹೊಸದಾಗಿ ಅಚ್ಚು ಹಾಕಿದ ಡಯಲು, ಕೈಗೆ ಸಿಕ್ಕ ಮುಳ್ಳುಗಳು ಇವನ್ನು ಕೂಡಿಸಿ 'ಹಳೆಯ ಎಚ್.ಎಂ.ಟಿ.' ಎಂದು ಮಾರುವ ವ್ಯವಹಾರ ದೊಡ್ಡದಾಗಿಯೇ ನಡೆಯುತ್ತಿದೆ. ಇಂಥ ವಾಚು ನಡೆಯುವುದಿಲ್ಲವೆಂದಲ್ಲ. ಕೆಲವು ಚೆನ್ನಾಗಿಯೇ ನಡೆಯುತ್ತವೆ. ಬಣ್ಣ ಬಣ್ಣದ ವಾಚು ಕಟ್ಟುವ ಆಸೆಯಿಂದ, ತಿಳಿದೇ ಕೊಂಡರೆ ಯಾವ ಆಕ್ಷೇಪವೂ ಇಲ್ಲ. ಅಸಲಿಯ ಬೆಲೆ ಕೊಟ್ಟು ಕೊಂಡರೆ ಮಾತ್ರ ಅದು ಮೋಸ ಹೋದಂತೆ. ಕೊಳ್ಳುವ ಮೊದಲು ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು.

ಡಯಲು: ಭೂತಗನ್ನಡಿಯಲ್ಲಿ ನೋಡಿದಾಗ ಕಾರ್ಖಾನೆಯ ಅಚ್ಚು ತೆಳುವಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮರುಅಚ್ಚಿನ ಅಕ್ಷರಗಳು ದಪ್ಪವಾಗಿ, ಅಂಚಿನಲ್ಲಿ ಹರಡಿದಂತೆ ಇರುತ್ತವೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿರುವುದಿಲ್ಲ. ಕಣ್ಣಿಗೆ ಹೊಡೆಯುವ ಹಸಿರು, ಕಿತ್ತಳೆ, ನೀಲಿ ಬಣ್ಣಗಳನ್ನು ಕಂಡಾಗ ಮೊದಲು ಅನುಮಾನಿಸುವುದೇ ಕ್ಷೇಮ.

ವಯಸ್ಸಿನ ಹೊಂದಾಣಿಕೆ: ಒಂದೇ ವಾಚಿನ ಭಾಗಗಳೆಲ್ಲ ಒಟ್ಟಿಗೆ ವಯಸ್ಸಾಗಿರಬೇಕು. ಕೇಸು ಸವೆದು, ಮುಚ್ಚಳದ ಬರಹ ಮಾಸಿ, ಡಯಲು ಮಾತ್ರ ನಿನ್ನೆ ತಯಾರಾದಂತೆ ಹೊಳೆಯುತ್ತಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಇಪ್ಪತ್ತು ವರ್ಷದ ಲೆಕ್ಕದ ಪುಸ್ತಕದ ನಡುವೆ ಹೊಸ ಕಾಗದದ ಒಂದು ಹಾಳೆ ಸಿಕ್ಕರೆ ಪರಿಶೋಧಕನು ಅಲ್ಲಿಯೇ ನಿಲ್ಲುತ್ತಾನೆ. ಕೊಳ್ಳುವವರೂ ಅಲ್ಲಿಯೇ ನಿಲ್ಲಬೇಕು.

ಮುಳ್ಳುಗಳು: ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟಬೇಕು. ಗಂಟೆಯ ಮುಳ್ಳು ಅಂಕಿಗಳ ಒಳ ಅಂಚಿನವರೆಗೆ ಬರಬೇಕು. ಇವು ಗಿಡ್ಡವಾಗಿದ್ದರೆ ಅಥವಾ ಉದ್ದವಾಗಿದ್ದರೆ ಬೇರೆ ವಾಚಿನಿಂದ ತಂದವೆಂದು ಊಹಿಸಬಹುದು.

ಕೇಸು: ಕಡಿಮೆ ಬೆಲೆಯ ಹಳೆಯ ವಾಚುಗಳ ಕೇಸು ಬಹುಮಟ್ಟಿಗೆ ಹಿತ್ತಾಳೆಯದು, ಮೇಲೆ ಕ್ರೋಮಿಯಂ ಲೇಪ. ಹಿಂಬದಿಯಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಿದ್ದರೆ ಆ ಮಾತು ಮುಚ್ಚಳಕ್ಕೆ ಮಾತ್ರ ಅನ್ವಯಿಸುತ್ತದೆ, ಇಡೀ ಕೇಸಿಗಲ್ಲ. ಬೆವರಿನಿಂದ ಲೇಪ ಹೋಗಿ ಕೊರೆದುಹೋದ ಕೇಸಿಗೆ ಪರಿಹಾರವಿಲ್ಲ. ಅತಿಯಾಗಿ ಪಾಲಿಶ್ ಮಾಡಿದ ಕೇಸಿನ ಅಂಚುಗಳು ಸಾಬೂನಿನಂತೆ ದುಂಡಗಾಗಿರುತ್ತವೆ.

ಯಂತ್ರ: ಮುಚ್ಚಳ ತೆಗೆಸಿ ನೋಡದೆ ಕೊಳ್ಳಬಾರದು. ಯಂತ್ರದ ಮೇಲಿನ ಸಂಖ್ಯೆ ಆ ಮಾದರಿಗೆ ಸಲ್ಲುವುದೇ, ತಿರುಪುಗಳ ತಲೆ ಕೆತ್ತಿಹೋಗಿದೆಯೇ, ತುಕ್ಕು ಇದೆಯೇ ಎಂಬುದನ್ನು ಗಮನಿಸಬೇಕು. ತಿರುಪಿನ ತಲೆಯಲ್ಲಿನ ಗಾಯಗಳು ಹಿಂದೆ ಎಂಥವರ ಕೈಗೆ ವಾಚು ಬಿದ್ದಿತ್ತೆಂಬುದನ್ನು ಹೇಳುತ್ತವೆ. ಕೀ ಕೊಟ್ಟು, ವಾಚನ್ನು ಮಲಗಿಸಿ ಹಾಗೂ ನಿಲ್ಲಿಸಿ, ಎರಡೂ ಸ್ಥಿತಿಗಳಲ್ಲಿ ನಡೆಯುತ್ತದೆಯೇ ಎಂದು ನೋಡಬೇಕು.

ಅಸಲಿಯನ್ನು ಗುರುತಿಸಲು ಮೊದಲು ಅಸಲಿಯನ್ನು ಕಂಡಿರಬೇಕು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಆರಂಭವಾದ ಎಚ್.ಎಂ.ಟಿ. ಹೆರಿಟೇಜ್ ಸೆಂಟರ್ ಮತ್ತು ವಸ್ತುಸಂಗ್ರಹಾಲಯದಲ್ಲಿ ಕಂಪನಿಯು ತಯಾರಿಸಿದ ಕೈಗಡಿಯಾರಗಳನ್ನು ಸಾಲಾಗಿ ನೋಡಬಹುದು. ಸಾವಿರಾರು ರೂಪಾಯಿ ಹೂಡುವ ಮೊದಲು ಅರ್ಧ ದಿನವನ್ನು ಅಲ್ಲಿ ಕಳೆಯುವುದು ವ್ಯರ್ಥವಲ್ಲ.

5. ದುರಸ್ತಿ: ಯಾವುದನ್ನು ಬದಲಿಸಬಹುದು, ಯಾವುದನ್ನು ಬಾರದು

ಲೆಕ್ಕಶಾಸ್ತ್ರದಲ್ಲಿ ರೆವಿನ್ಯೂ ವೆಚ್ಚ ಮತ್ತು ಬಂಡವಾಳ ವೆಚ್ಚ ಎಂಬ ಭೇದವಿದೆ. ಹಳೆಯ ವಾಚಿನ ಭಾಗಗಳನ್ನೂ ಹಾಗೆಯೇ ಎರಡು ಗುಂಪು ಮಾಡಬಹುದು.

ಮೊದಲನೆಯದು ಬಳಕೆಯಲ್ಲಿ ಸವೆದುಹೋಗುವ ಭಾಗಗಳು: ಪಟ್ಟಿ, ಮೇಲಿನ ಪ್ಲಾಸ್ಟಿಕ್ ಗಾಜು, ಮೇನ್‌ಸ್ಪ್ರಿಂಗ್, ಎಣ್ಣೆ, ಕೀ. ಇವನ್ನು ಬದಲಿಸಿದರೆ ವಾಚಿನ ಮೌಲ್ಯಕ್ಕೆ ಧಕ್ಕೆಯಿಲ್ಲ. ಗಾಜಿನ ಮೇಲಿನ ಗೀರುಗಳಂತೂ ಪಾಲಿಶ್‌ನಿಂದಲೇ ಹೋಗುತ್ತವೆ. ಎರಡನೆಯದು ವಾಚಿಗೆ ಗುರುತು ಕೊಡುವ ಭಾಗಗಳು: ಡಯಲು, ಮುಳ್ಳುಗಳು, ಕೇಸು, ಯಂತ್ರ. ಇವು ಮಾಸಿದ್ದರೂ ಕಲೆಯಾಗಿದ್ದರೂ ಹಾಗೆಯೇ ಬಿಡುವುದು ಸರಿ. ಡಯಲನ್ನು ಒರೆಸಿ ಸ್ವಚ್ಛಗೊಳಿಸಲು ಹೋದರೆ ಅಕ್ಷರಗಳೇ ಅಳಿಸಿಹೋಗುತ್ತವೆ.

ಆದ್ದರಿಂದ ದುರಸ್ತಿಗೆ ಕೊಡುವಾಗ 'ಚೆನ್ನಾಗಿ ಮಾಡಿಕೊಡಿ' ಎಂದಷ್ಟೇ ಹೇಳಿದರೆ ಸಾಲದು. ಒಳ್ಳೆಯ ಮನಸ್ಸಿನ ಕುಶಲಕರ್ಮಿಯೂ ಗಿರಾಕಿಯ ಸಂತೋಷಕ್ಕಾಗಿ ಹೊಸ ಡಯಲು ಹಾಕಿಬಿಡಬಹುದು. 'ಯಂತ್ರವನ್ನು ಬಿಚ್ಚಿ ತೊಳೆದು ಎಣ್ಣೆ ಹಾಕುವುದು. ಡಯಲು, ಮುಳ್ಳು, ಕೇಸು ಮುಟ್ಟಬಾರದು. ತೆಗೆದ ಭಾಗಗಳನ್ನು ಹಿಂದಿರುಗಿಸಬೇಕು' ಎಂದು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಕೊಡುವ ಮೊದಲು ಒಂದು ಛಾಯಾಚಿತ್ರ ತೆಗೆದಿಡಬೇಕು. ಎಣ್ಣೆ ಒಣಗುವುದರಿಂದ ನಾಲ್ಕೈದು ವರ್ಷಗಳಿಗೊಮ್ಮೆ ಈ ಸೇವೆ ಅಗತ್ಯ. ನಡೆಯುತ್ತಿದೆಯಲ್ಲ ಎಂದು ಬಿಟ್ಟರೆ ಒಣಗಿದ ಎಣ್ಣೆಯ ನಡುವೆ ಲೋಹ ಸವೆಯುತ್ತದೆ.

ಇನ್ನೊಂದು ಎಚ್ಚರಿಕೆ. 1960ರ ದಶಕಕ್ಕೆ ಹಿಂದಿನ ಕೆಲವು ವಿದೇಶಿ ವಾಚುಗಳಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣಕ್ಕೆ ವಿಕಿರಣಶೀಲ ರೇಡಿಯಂ ಬಳಸಲಾಗಿದೆ. ಹೊಳಪು ನಿಂತರೂ ವಿಕಿರಣ ನಿಲ್ಲುವುದಿಲ್ಲ. ಅಂಥ ವಾಚನ್ನು ಮನೆಯಲ್ಲಿ ಬಿಚ್ಚಬಾರದು, ಅದರ ಬಣ್ಣವನ್ನು ಕೆರೆಯಬಾರದು.

6. ಬೆಲೆಯ ಲೆಕ್ಕ

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಶ್ರೀ 'ಕ' ಎಂಬುವರು ಡಯಲು ಸ್ವಲ್ಪ ಮಾಸಿದ, ಆದರೆ ಯಾರೂ ಕೈಹಾಕದ ಒಂದು ವಾಚನ್ನು ರೂ. 4,000ಕ್ಕೆ ಕೊಂಡರು. ಸೇವೆಗೆ ರೂ. 1,500, ಪಟ್ಟಿಗೆ ರೂ. 300. ಒಟ್ಟು ರೂ. 5,800. ಶ್ರೀ 'ಖ' ಎಂಬುವರು ಹೊಳೆಯುವ ಮೂರು ವಾಚುಗಳನ್ನು ತಲಾ ರೂ. 1,500ರಂತೆ ರೂ. 4,500ಕ್ಕೆ ತರಿಸಿದರು. ಅಂಚೆ ವೆಚ್ಚ ರೂ. 300. ತಿಂಗಳೊಳಗೆ ಒಂದು ನಿಂತಿತು, ದುರಸ್ತಿಗೆ ರೂ. 1,000. ಒಟ್ಟು ರೂ. 5,800. ಇಬ್ಬರ ವೆಚ್ಚವೂ ಸಮ. ಮುಂದೆ ಮಾರಲು ಹೋದಾಗ 'ಕ' ಅವರ ವಾಚನ್ನು ಸಂಗ್ರಾಹಕರು ವಾಚೆಂದೇ ಕೊಳ್ಳುತ್ತಾರೆ. 'ಖ' ಅವರ ಮೂರಕ್ಕೂ ಬಿಡಿಭಾಗಗಳ ಬೆಲೆ ಮಾತ್ರ ಸಿಗುತ್ತದೆ.

ಹಾಗೆಂದು 'ಕ' ಅವರದು ಹೂಡಿಕೆಯೆಂದು ಭಾವಿಸಬಾರದು. ರೂ. 5,800ನ್ನು ಶೇ. 7ರ ಚಕ್ರಬಡ್ಡಿಗೆ ಇಟ್ಟಿದ್ದರೆ 10 ವರ್ಷಗಳಲ್ಲಿ ಸುಮಾರು ರೂ. 11,400 ಆಗುತ್ತಿತ್ತು. ಐದನೆಯ ಹಾಗೂ ಹತ್ತನೆಯ ವರ್ಷಗಳಲ್ಲಿ ತಲಾ ರೂ. 1,500ರ ಸೇವೆ ಮಾಡಿಸಿ, ಮೊದಲನೆಯದರ ಬಡ್ಡಿಯನ್ನೂ ಸೇರಿಸಿದರೆ ಮೊತ್ತವು ಸುಮಾರು ರೂ. 15,000 ತಲುಪುತ್ತದೆ. ಹತ್ತು ವರ್ಷದ ನಂತರ ಆ ವಾಚು ಅಷ್ಟಕ್ಕೆ ಮಾರಾಟವಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೆಲವು ಅಪರೂಪದ ವಾಚುಗಳು ಈ ಗೆರೆ ದಾಟಬಹುದು, ಬಹುಪಾಲು ದಾಟುವುದಿಲ್ಲ. ವಾಚಿನಿಂದ ಸಿಗುವ ಪ್ರತಿಫಲವೆಂದರೆ ಅದನ್ನು ಕಟ್ಟುವ ಸಂತೋಷ. ಅದಕ್ಕೆ ಎಷ್ಟು ಕೊಡಬಹುದೆಂಬುದನ್ನು ವರ್ಷದ ಆರಂಭದಲ್ಲೇ ನಿರ್ಧರಿಸಿ, ವ್ಯಾಪಾರದ ದುಡಿಯುವ ಬಂಡವಾಳದಿಂದ ಅದನ್ನು ಬೇರೆಯಾಗಿಡಬೇಕು. ಸರಕು ತರಲು ಇಟ್ಟ ಹಣ ವಾಚುಗಳ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡರೆ ಬೇಕಾದ ವೇಳೆಗೆ ಹೊರಬರುವುದಿಲ್ಲ.

7. ಬಳಕೆ ಮತ್ತು ರಕ್ಷಣೆ

ಕೀ ಕೊಡುವ ವಾಚಿಗೆ ದಿನವೂ ಒಂದೇ ವೇಳೆಗೆ, ಬೆಳಗ್ಗೆ, ಕೀ ಕೊಡುವುದು ಒಳ್ಳೆಯ ಅಭ್ಯಾಸ. ಕೈಯಿಂದ ಬಿಚ್ಚಿ ಕೊಡಬೇಕು; ಕಟ್ಟಿಕೊಂಡೇ ಕೊಟ್ಟರೆ ಕೀಯ ಕಡ್ಡಿಗೆ ಓರೆಯಾಗಿ ಬಲ ಬೀಳುತ್ತದೆ. ತಡೆ ಸಿಕ್ಕೊಡನೆ ನಿಲ್ಲಿಸಬೇಕು. ಹಳೆಯ ವಾಚುಗಳಿಗೆ ನೀರಿನಿಂದ ರಕ್ಷಣೆಯಿಲ್ಲವೆಂದೇ ತಿಳಿದು ಮಳೆಯಲ್ಲಿ, ಕೈ ತೊಳೆಯುವಾಗ ಜಾಗ್ರತೆ ವಹಿಸಬೇಕು. ಬೇಸಿಗೆಯಲ್ಲಿ ಬಿಚ್ಚಿದ ಮೇಲೆ ಹಿಂಬದಿಯನ್ನು ಒಣಬಟ್ಟೆಯಿಂದ ಒರೆಸಿಡಬೇಕು.

ಸಣ್ಣ ಉದ್ಯಮಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಅಯಸ್ಕಾಂತದ ಪ್ರಭಾವ. ಗ್ರೈಂಡಿಂಗ್ ಯಂತ್ರದ ಮ್ಯಾಗ್ನೆಟಿಕ್ ಚಕ್, ವೆಲ್ಡಿಂಗ್ ಯಂತ್ರ, ದೊಡ್ಡ ಮೋಟಾರು, ಧ್ವನಿವರ್ಧಕ ಇವುಗಳ ಬಳಿ ಹೋದ ಹಳೆಯ ವಾಚಿನ ಹೇರ್‌ಸ್ಪ್ರಿಂಗ್ ಅಯಸ್ಕಾಂತೀಯವಾಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡಬಹುದು. ಇದನ್ನು ಯಂತ್ರದ ದೋಷವೆಂದು ತಿಳಿದು ಬಿಚ್ಚಿಸಬೇಕಾಗಿಲ್ಲ. ಅಯಸ್ಕಾಂತತೆ ತೆಗೆಯುವ ಸಣ್ಣ ಉಪಕರಣವು ಗಡಿಯಾರದ ಅಂಗಡಿಗಳಲ್ಲಿರುತ್ತದೆ. ಕೆಲವೇ ಕ್ಷಣಗಳ ಕೆಲಸ. ಕಾರ್ಖಾನೆಯೊಳಗೆ ಹೋಗುವಾಗ ವಾಚನ್ನು ಕಚೇರಿಯಲ್ಲಿಯೇ ಬಿಟ್ಟು ಹೋಗುವುದು ಎಲ್ಲಕ್ಕಿಂತ ಉತ್ತಮ.

8. ತೆರಿಗೆಯ ವಿಚಾರ

ಅ) ವ್ಯಾಪಾರದ ಖಾತೆಯಿಂದ ಖರೀದಿ: ಮಾಲೀಕರು ಸ್ವಂತಕ್ಕೆ ಕೊಂಡ ವಾಚಿನ ಬೆಲೆಯು ವ್ಯಾಪಾರದ ವೆಚ್ಚವಾಗುವುದಿಲ್ಲ. ಅಂಗಡಿಯ ಖಾತೆಯಿಂದ ಹಣ ಕೊಟ್ಟಿದ್ದರೆ ಅದನ್ನು ಡ್ರಾಯಿಂಗ್ಸ್ ಎಂದೇ ಬರೆಯಬೇಕು. ಕೈಗಡಿಯಾರಗಳ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಇದೆ. ಸ್ವಂತ ಬಳಕೆಯ ವಸ್ತುವಾದ್ದರಿಂದ ಇದರ ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಗಿರಾಕಿಗಳಿಗೆ ಉಚಿತ ಉಡುಗೊರೆಯಾಗಿ ಹಂಚಿದ ವಾಚುಗಳಿಗೂ ಈ ಜಮೆ ಸಿಗುವುದಿಲ್ಲ.

ಆ) ಮಾರಿದಾಗ ಬರುವ ಲಾಭ: 1961ರ ಆದಾಯ ತೆರಿಗೆ ಕಾಯಿದೆಯು ಸ್ವಂತ ಬಳಕೆಯ ಚರ ವಸ್ತುಗಳನ್ನು ಬಂಡವಾಳ ಆಸ್ತಿಯ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಆದರೆ ಆಭರಣ, ಪುರಾತತ್ವ ಸಂಗ್ರಹ, ಕಲಾಕೃತಿ ಮುಂತಾದವುಗಳಿಗೆ ಈ ವಿನಾಯಿತಿ ಇರಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯಿದೆಯೂ ಇದೇ ತತ್ತ್ವವನ್ನು ಇಟ್ಟುಕೊಂಡಿದೆ. ತಾನು ಕಟ್ಟುತ್ತಿದ್ದ ಉಕ್ಕಿನ ವಾಚನ್ನು ಮಾರಿದವರಿಗೂ, ಚಿನ್ನದ ಕೇಸಿನ ಅಥವಾ ವಜ್ರ ಕೂರಿಸಿದ ವಾಚನ್ನು ಮಾರಿದವರಿಗೂ ಇದರಿಂದ ಭೇದವುಂಟಾಗಬಹುದು. ಎರಡನೆಯದು ಆಭರಣವೆಂಬ ಪ್ರಶ್ನೆ ಏಳುತ್ತದೆ. ಒಮ್ಮೆಯೂ ಕಟ್ಟದೆ, ಬೆಲೆ ಏರಲೆಂದೇ ಪೆಟ್ಟಿಗೆಯಲ್ಲಿಟ್ಟ ವಾಚನ್ನು ಸ್ವಂತ ಬಳಕೆಯದೆಂದು ಸಾಧಿಸುವುದೂ ಸುಲಭವಲ್ಲ.

ಇ) ಹವ್ಯಾಸವು ವ್ಯಾಪಾರವಾದಾಗ: ಪದೇ ಪದೇ ಕೊಂಡು ಮಾರುತ್ತಿದ್ದರೆ ಆ ಲಾಭವು ವ್ಯಾಪಾರದ ಆದಾಯವಾಗುತ್ತದೆ. ಬೇರೆ ರಾಜ್ಯದ ಗಿರಾಕಿಗಳಿಗೆ ವ್ಯಾಪಾರವಾಗಿ ಕಳುಹಿಸುವವರು ಜಿ.ಎಸ್.ಟಿ. ನೋಂದಣಿಯ ಪ್ರಶ್ನೆಯನ್ನೂ ಪರಿಶೀಲಿಸಬೇಕು. ವಹಿವಾಟು ಕಡಿಮೆಯೆಂಬ ಕಾರಣ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹಳೆಯ ವಸ್ತುಗಳ ವರ್ತಕರಿಗೆ ಒಂದು ಅನುಕೂಲವಿದೆ. ಖರೀದಿಯ ಮೇಲೆ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕೊಡಬಹುದು. ಇದಕ್ಕೆ ಖರೀದಿಯ ದಾಖಲೆ ಕೈಯಲ್ಲಿರಬೇಕು.

ಈ) ಬೆಲೆಬಾಳುವ ವಾಚುಗಳು: 2025ರ ಏಪ್ರಿಲ್ 22ರಿಂದ ರೂ. 10 ಲಕ್ಷಕ್ಕೆ ಮೀರಿದ ಕೈಗಡಿಯಾರವನ್ನು ಮಾರುವವರು ಕೊಳ್ಳುವವರಿಂದ ಶೇ. 1ರಷ್ಟನ್ನು ಮೂಲದಲ್ಲಿಯೇ ಸಂಗ್ರಹಿಸಬೇಕು. ಇದು ಹೆಚ್ಚುವರಿ ತೆರಿಗೆಯಲ್ಲ. ಕೊಂಡವರು ತಮ್ಮ ಆದಾಯ ತೆರಿಗೆಯಲ್ಲಿ ಇದನ್ನು ಜಮೆ ಮಾಡಿಕೊಳ್ಳಬಹುದು. ಆದರೆ ಖರೀದಿಯ ಮಾಹಿತಿ ಇಲಾಖೆಗೆ ತಲುಪುತ್ತದೆ. ಘೋಷಿಸಿದ ಆದಾಯಕ್ಕೂ ಕೈಯ ಮೇಲಿನ ವಾಚಿಗೂ ಹೊಂದಿಕೆಯಿರಬೇಕು. ಒಂದೇ ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ನಿಷಿದ್ಧ. ದಂಡವು ಹಣ ಪಡೆದವರ ಮೇಲೆ ಬೀಳುತ್ತದೆ. ವಿದೇಶದಲ್ಲಿ ಕೊಂಡು ಕೈಗೆ ಕಟ್ಟಿಕೊಂಡು ಬಂದರೆ ಸೀಮಾ ಸುಂಕವಿಲ್ಲ ಎಂಬ ನಂಬಿಕೆಯೂ ತಪ್ಪು. ಪ್ರಯಾಣಿಕರ ವಿನಾಯಿತಿಯ ಮಿತಿಯನ್ನು ಮೀರಿದ್ದನ್ನು ಘೋಷಿಸಿ ಸುಂಕ ಕಟ್ಟಬೇಕು.

9. ದಾಖಲೆ

ಸಂಗ್ರಹ ಚಿಕ್ಕದಾದರೂ ಒಂದು ನೋಂದಣಿ ಪುಸ್ತಕ ಇರಬೇಕು. ಕ್ರಮಸಂಖ್ಯೆ, ಮಾದರಿಯ ಹೆಸರು, ಯಂತ್ರದ ಹಾಗೂ ಮುಚ್ಚಳದ ಸಂಖ್ಯೆ, ಕೊಂಡ ದಿನ, ಯಾರಿಂದ, ಬೆಲೆ, ಸೇವೆಯ ದಿನಾಂಕ ಮತ್ತು ವೆಚ್ಚ, ಬದಲಿಸಿದ ಭಾಗ ಇಷ್ಟು ಅಂಕಣಗಳು ಸಾಕು. ಮುಂದೆ ಮಾರುವಾಗ, ವಿಮೆ ಮಾಡಿಸುವಾಗ, ಇಲಾಖೆಯ ಪ್ರಶ್ನೆಗೆ ಉತ್ತರಿಸುವಾಗ ಈ ಒಂದೇ ಪುಸ್ತಕ ನೆರವಿಗೆ ಬರುತ್ತದೆ. ಡಯಲು ಹಿಂದೆಯೇ ಬದಲಾಗಿದೆಯೆಂದು ತಿಳಿದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಬೇಕು. ಮಾರುವಾಗ ಅದನ್ನು ಹೇಳಿ ಮಾರಬೇಕು.

ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಸೇರಿಸುವುದು ಒಳ್ಳೆಯದು: ಆ ವಾಚಿನ ಕಥೆ. ಯಾರು ಕಟ್ಟುತ್ತಿದ್ದರು, ಯಾವ ಸಂದರ್ಭದಲ್ಲಿ ಬಂತು, ಡಯಲಿನ ಆ ಕಲೆ ಹೇಗಾಯಿತು ಎಂಬುದು ಇಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಬರೆದಿಡದಿದ್ದರೆ ಮುಂದಿನವರ ಪಾಲಿಗೆ ಅದು ಹೆಸರಿಲ್ಲದ ಹಳೆಯ ವಾಚು ಮಾತ್ರ.

ಕೀ ಕೊಡುವ ವಾಚನ್ನು ಬಿಚ್ಚಿ ಜೋಡಿಸಬಲ್ಲ ಕುಶಲಕರ್ಮಿಗಳು ಈಗ ಪೇಟೆಗಳಲ್ಲಿ ವಿರಳವಾಗುತ್ತಿದ್ದಾರೆ. ಹಲವು ಅಂಗಡಿಗಳಲ್ಲಿ ಬ್ಯಾಟರಿ, ಪಟ್ಟಿ ಬದಲಿಸುವ ಕೆಲಸವಷ್ಟೇ ಉಳಿದಿದೆ. ಊರಿನಲ್ಲಿ ಅಂಥವರೊಬ್ಬರಿದ್ದರೆ, ಚೌಕಾಸಿ ಮಾಡದೆ ಅವರಿಗೆ ನ್ಯಾಯವಾದ ಕೂಲಿ ಕೊಟ್ಟು ಕೆಲಸ ಒಪ್ಪಿಸುವುದು ಸಂಗ್ರಾಹಕರ ಹಿತದೃಷ್ಟಿಯಿಂದಲೇ ಅಗತ್ಯ. ಬೀರುವಿನಲ್ಲಿ ನಿಂತುಹೋದ ವಾಚು ಇರುವವರು ಹೊಸದೊಂದನ್ನು ಹುಡುಕುವ ಮೊದಲು ಅದನ್ನೇ ತೊಳೆಸಿ, ಎಣ್ಣೆ ಹಾಕಿಸಿ, ಡಯಲನ್ನು ಇದ್ದಂತೆಯೇ ಬಿಟ್ಟು ಕಟ್ಟಲು ಆರಂಭಿಸಬಹುದು. ಈ ಹವ್ಯಾಸಕ್ಕೆ ಅದಕ್ಕಿಂತ ಕಡಿಮೆ ವೆಚ್ಚದ, ಅದಕ್ಕಿಂತ ಖಚಿತವಾದ ಆರಂಭ ಬೇರೆಯಿಲ್ಲ.